ಕಟ್ಟದ ಬಾಯಿಗೆ ಸಿಕ್ಕಿದ ಕೆಂಪು ಸೀರೆ

ಆ ಬೇಸಿಗೆಯಿಡೀ ನನ್ನ ಸೀರೆಯ ಸೆರಗು ಹೊಳೆಗೆ ಅಡ್ಡ ಹಾಕಿದ ಮಣ್ಣಿನ ಕಟ್ಟದ ಹೊರಮೈಯಲ್ಲಿ ನೇತಾಡುತ್ತಿತ್ತು. ಕೆಂಪು ಕೈಮಗ್ಗದ ಸೀರೆ, ಕಪ್ಪು ಅಂಚು. ಜಾಲ್ಸೂರಿಗೆ ಬಸ್ಸು ಹಿಡಿಯಲು ಹೋಗುವವರು, ಸಂತೆಯಿಂದ ಬರುವವರು, ಶಾಲೆಯ ಮಾಸ್ಟ್ರು, ಮದುವೆಗೆ ಕರೆಯಲು ಬಂದ ನೆಂಟರು, ಎಲ್ಲರೂ ಕಟ್ಟದ ಕೆಳಗಿನ ಕಲ್ಲುಗಳ ಮೇಲೆ ಕಾಲಿಟ್ಟೇ ಹೊಳೆ ದಾಟಬೇಕು. ದಾಟುವಾಗ ಅದು ಎದುರಿಗೇ ಕಾಣುತ್ತದೆ. ಯಾರದ್ದು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು, ಏನಾದರೂ ಸುಳ್ಳು ಹೇಳಬಹುದಿತ್ತು. ಕೇಳಲಿಲ್ಲ ಎಂದರೆ ಎಲ್ಲರಿಗೂ ಗೊತ್ತಿತ್ತು ಎಂದೇ ಅರ್ಥ. ಈಗ ನನಗೆ ಮೊಮ್ಮಕ್ಕಳಾಗಿದ್ದಾರೆ, ಆ ಕಟ್ಟವೂ ಇಲ್ಲ, ದಾಟಿದವರಲ್ಲಿ ಹೆಚ್ಚಿನವರೂ ಇಲ್ಲ. ಆದರೂ ಇದನ್ನು ಬರೆಯಲು ಕೂತರೆ ಕಿವಿ ಬಿಸಿಯಾಗುತ್ತದೆ.

ನನ್ನ ತವರು ಕಡಬದ ಕಡೆ, ಕುಮಾರಧಾರೆಯ ದಡದಲ್ಲಿ. ಅಪ್ಪನಿಗೆ ಕಡವಿನ ದೋಣಿಯ ಉಸ್ತುವಾರಿ ಇತ್ತು. ದೋಣಿಯೆಂದ ಮೇಲೆ ಜನರ ಕೈಯಿಂದ ಏನಾದರೂ ನೀರಿಗೆ ಬೀಳುವುದು ಇದ್ದದ್ದೇ. ಕತ್ತಿ ಬೀಳುತ್ತದೆ, ತಂಬಿಗೆ ಬೀಳುತ್ತದೆ, ಒಮ್ಮೆ ಮದುಮಗನ ಒಂದು ಚಪ್ಪಲಿ ಬಿದ್ದಿತ್ತು. ಅಣ್ಣಂದಿರ ಜೊತೆ ನಾನೂ ಮುಳುಗಿ ತರುತ್ತಿದ್ದೆ. ನದಿಯ ಬದಿಯಲ್ಲಿ ಹುಟ್ಟಿದ ಮಗುವಿಗೆ ತಲೆ ನೀರಿಗೆ ಹಾಕಲು ಬರದಿದ್ದರೆ ಅದನ್ನು ಸಾಕಿದವರದ್ದೇ ತಪ್ಪು ಎಂದು ಅಪ್ಪ ಹೇಳುತ್ತಿದ್ದರು, ಗಂಡು ಹೆಣ್ಣು ಎಂದು ನೋಡುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಅಮ್ಮ ಬಿಡಿಸಿದಳು. ನಾನು ಬಟ್ಟೆ ಒಗೆಯುವ ನೆಪದಲ್ಲಿ ಮುಂದುವರಿಸಿದೆ.

ನೀರಿಗೂ ತಿಂಗಳಿಗೊಂದು ಮುಖ ಉಂಟು. ಮಳೆಗಾಲದ ನಡುವಿನ ಆಟಿ ತಿಂಗಳ ಕೆಂಪು ನೀರಿನಲ್ಲಿ ಕಣ್ಣು ತೆರೆದರೆ ನಮ್ಮ ಕೈಯೇ ನಮಗೆ ಕಾಣುವುದಿಲ್ಲ. ಆಗ ಇಳಿಯುವವನಿಗೆ ತಲೆ ಸರಿಯಿಲ್ಲ ಎಂದು ಲೆಕ್ಕ. ನವರಾತ್ರಿಯ ಹೊತ್ತಿಗೆ ಕೆಸರು ಕೂರಲು ಶುರುವಾಗುತ್ತದೆ. ದೀಪಾವಳಿ ಕಳೆದರೆ ತಳದ ಮರಳು ಕಾಣುತ್ತದೆ. ಧನು ತಿಂಗಳಲ್ಲಂತೂ ನದಿಯ ಇಡೀ ಗುಂಡಿ ದೀಪ ಹಚ್ಚಿದ ಕೋಣೆಯಷ್ಟು ಬೆಳ್ಳಗೆ. ಬೆಳಗ್ಗೆ ಮೇಲೆ ಚಳಿಗೆ ಹಲ್ಲು ಕಟಕಟ ಎನ್ನುವಾಗ ನೀರೊಳಗೆ ಬೆಚ್ಚಗಿರುತ್ತದೆ. ಶಿವರಾತ್ರಿ ಕಳೆದ ಮೇಲೆ ಪಾಚಿ ಬೆಳೆದು ನೀರು ಹಸಿರಾಗುತ್ತದೆ, ಹತ್ತಿರದ್ದು ಮಾತ್ರ ಕಾಣುತ್ತದೆ. ಏಪ್ರಿಲಿನಲ್ಲಿ ಮೇಲಿನ ನೀರು ಕಾದಿರುತ್ತದೆ, ಕಾಲಿನ ಬುಡದ್ದು ತಣ್ಣಗೆ. ಮತ್ತೆ ಮೊದಲ ಮಳೆಗೆ ಎಲ್ಲ ಕಲಕಿಹೋಗುತ್ತದೆ.

ಮೀನುಗಳೂ ಹಾಗೆ. ಮಳೆಗಾಲದಲ್ಲಿ ಎಲ್ಲಿರುತ್ತವೆಯೋ ದೇವರಿಗೇ ಗೊತ್ತು. ಚಳಿಗಾಲಕ್ಕೆ ಪೆರುವೊಳುಗಳು ಗುಂಡಿಗೆ ಬಂದು ಗುಂಪಾಗಿ ನಿಲ್ಲುತ್ತವೆ. ದೇವಸ್ಥಾನದ ಗುಂಡಿಗಳಲ್ಲಿ ಜನರು ಅಕ್ಕಿ ಹಾಕಿ ಸಾಕುವ ಮೀನು ಅದೇ. ದಪ್ಪ ತುಟಿ, ತಾಮ್ರದ ಬಣ್ಣದ ದೊಡ್ಡ ಹುರುಪೆ. ಮೇಲಿನಿಂದ ನೋಡಿದವರಿಗೆ ಅದರ ಕಪ್ಪು ಬೆನ್ನು ಮಾತ್ರ ಕಾಣುತ್ತದೆ. ಒಳಗಿನಿಂದ ನೋಡಿದರೆ ಬಣ್ಣ ಗೊತ್ತಾಗುವುದು. ನಾವು ಕಲ್ಲು ಹಿಡಿದು ಅಲುಗಾಡದೆ ಕೂತರೆ ಹತ್ತಿರ ಬಂದು ಮುಖವನ್ನೇ ನೋಡುತ್ತವೆ. ಕಲ್ಲಿನ ಸಂದಿಯಲ್ಲಿ ಹಾವುಮೀನು ತಲೆ ಮಾತ್ರ ಹೊರಗಿಟ್ಟು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಡೆಂಜಿಗಳು, ಅಂದರೆ ಏಡಿಗಳು, ಅಡ್ಡಡ್ಡ ಓಡುತ್ತವೆ. ಇದೆಲ್ಲ ನೋಡುತ್ತಾ ಉಸಿರು ಕಟ್ಟಿ ಕೂರುವುದು ನನಗೆ ಹುಚ್ಚು ಖುಷಿ ಕೊಡುತ್ತಿತ್ತು. ಯಾರಿಗೂ ಹೇಳುವ ಹಾಗಿರಲಿಲ್ಲ. ಹೆಂಗಸು ಒದ್ದೆ ಬಟ್ಟೆಯಲ್ಲಿ ನೀರಿನ ಬುಡದಲ್ಲಿ ಕೂತು ಮೀನಿನ ಮುಖ ನೋಡುತ್ತಾಳೆ ಎಂದರೆ ಯಾವ ಮನೆಯವರು ಹೆಣ್ಣು ಕೇಳಲು ಬರುತ್ತಾರೆ?

ಬಂದರು. ಐವತ್ತರ ದಶಕದ ನಡುವೆ, ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದಾಗ, ನನ್ನನ್ನು ಸುಳ್ಯದ ಆಚೆ ಮಂಡೆಕೋಲಿನ ಕಡೆಗೆ ಮದುವೆ ಮಾಡಿ ಕೊಟ್ಟರು. ಗಂಡನ ಮನೆಯ ಗದ್ದೆಯ ಕೆಳಗೆ ಒಂದು ಹೊಳೆ, ಅದು ಮುಂದೆ ಪಯಸ್ವಿನಿಗೆ ಸೇರುತ್ತದೆ. ಮಾವ ಮೊದಲೇ ತೀರಿಹೋಗಿದ್ದರು. ಅತ್ತೆಯ ಮಾತೇ ಮನೆಯ ಮಾತು, ಮನೆಯ ಹೊರಗೂ ನಾಲ್ಕು ಮನೆಗೆ ಅದು ನಡೆಯುತ್ತಿತ್ತು. ಇವರು, ಅಂದರೆ ನನ್ನ ಗಂಡ, ಬಹಳ ಸಾಧು. ಆದರೆ ನೀರೆಂದರೆ ಹೆದರಿಕೆ. ಹೊಳೆ ಮೊಣಕಾಲು ದಾಟಿದರೆ ಇವರ ಮಾತು ನಿಲ್ಲುತ್ತಿತ್ತು.

ಈಗಿನವರಿಗೆ ಕಟ್ಟ ಎಂದರೆ ಹೇಳಿಕೊಡಬೇಕು. ಮಳೆ ಪೂರಾ ನಿಂತ ಮೇಲೆ ಹೊಳೆಗೆ ಅಡ್ಡಲಾಗಿ ಎರಡು ಸಾಲು ಗೂಟ ಹೊಡೆದು, ನಡುವೆ ಸೊಪ್ಪು, ತೆಂಗಿನ ಮಡಲು, ಜೇಡಿಮಣ್ಣು ತುಂಬಿ ತುಳಿದು ಗೋಡೆ ಮಾಡುವುದು. ಹಿಂದೆ ನೀರು ನಿಲ್ಲುತ್ತದೆ, ನಿಂತ ನೀರು ಕಣಿಯಲ್ಲಿ ಹರಿದು ತೋಟಗಳಿಗೆ ಹೋಗುತ್ತದೆ. ಮತ್ತೆ ಮಳೆ ಬಂದಾಗ ಹೊಳೆಯೇ ಅದನ್ನು ತೆಗೆದುಕೊಂಡು ಹೋಗುತ್ತದೆ, ಮರುವರ್ಷ ಪುನಃ ಕಟ್ಟುವುದು. ನಮ್ಮ ಕಟ್ಟ ಎಂಟು ಮನೆಗಳದ್ದು, ಮನೆಗೊಬ್ಬ ಗಂಡಸು ಕೆಲಸಕ್ಕೆ ಬರಲೇಬೇಕು. ಕಟ್ಟದ ದೊಡ್ಡ ಕಾಯಿಲೆಯೆಂದರೆ ತೂತು. ಡೆಂಜಿ ಕೊರೆದೋ ಕಲ್ಲು ಜಾರಿಯೋ ಬುಡದಲ್ಲಿ ತೂತು ಬೀಳುತ್ತದೆ. 'ಕಟ್ಟ ನೀರು ಕುಡೀತದೆ' ಎನ್ನುತ್ತಿದ್ದರು. ಅದನ್ನು ಹೊರಗಿನಿಂದ ಮುಚ್ಚಿದರೆ ನಿಲ್ಲುವುದಿಲ್ಲ. ನೀರು ನಿಂತ ಬದಿಯಲ್ಲಿ ಮುಳುಗಿ, ಎಲ್ಲಿ ಎಳೆಯುತ್ತದೆ ಎಂದು ಕೈಯಲ್ಲಿ ಹುಡುಕಿ, ಸೊಪ್ಪು ಸುತ್ತಿದ ಮಣ್ಣಿನ ಉಂಡೆ ತುರುಕಬೇಕು.

ಅದನ್ನು ಮಾಡುತ್ತಿದ್ದವರು ಕೆಳಗಿನ ಮನೆಯ ಒಬ್ಬರು. ನಾನು ಬಂದ ಎರಡನೆಯ ವರ್ಷ ಅವರ ಕಿವಿ ಸೋರಲು ಶುರುವಾಗಿ ವೈದ್ಯರು ತಲೆ ಮುಳುಗಿಸಬೇಡಿ ಎಂದರು. ಅದೇ ಚಳಿಗಾಲ ಕಟ್ಟ ಕುಡಿಯತೊಡಗಿತು. ಗಂಡಸರು ಉದ್ದದ ಬಿದಿರು ಹಿಡಿದು ಎಲ್ಲ ಕಡೆ ಚುಚ್ಚಿದರು. ಇಬ್ಬರು ಇಳಿದರು, ಕಣ್ಣು ಮುಚ್ಚಿಕೊಂಡೇ ಇಳಿದು ಕಣ್ಣು ಮುಚ್ಚಿಕೊಂಡೇ ಹತ್ತಿದರು. ನಾನು ಮೇಲ್ಗಡೆ ಬಟ್ಟೆ ಒಗೆಯುತ್ತಿದ್ದೆ. ಸಣ್ಣ ಮೀನುಗಳೆಲ್ಲ ಒಂದು ಗೂಟಕ್ಕೆ ಬಾಲ ಹಾಕಿ, ತಲೆ ಈಚೆಗೆ ಮಾಡಿ ನಿಂತಿದ್ದವು. ಮೀನು ಯಾವತ್ತೂ ಸೆಳೆತಕ್ಕೆ ಎದುರಾಗಿ ನಿಲ್ಲುತ್ತದೆ. ಮನೆಗೆ ಬಂದು ಅತ್ತೆಯ ಹತ್ತಿರ, ತೂತು ಆ ಗೂಟದ ಬುಡದಲ್ಲಿ ಉಂಟು ಎಂದುಬಿಟ್ಟೆ.

"ನಿನಗೆ ಹೇಗೆ ಗೊತ್ತು?"

"ಮೀನು ನಿಂತದ್ದು ನೋಡಿದೆ. ಮುಳುಗಿ ನೋಡಿದ್ರೆ ಸರಿ ಗೊತ್ತಾಗ್ತದೆ" ಎಂದೆ. ಬಾಯಿಯಿಂದ ಹೊರಟ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅತ್ತೆ ಒಳಗೆ ಹೋದರು. ನೀರು ಇಳಿಯುತ್ತಾ ಹೋಗಿ ಮೇಲಿನ ಮನೆಯ ಕಣಿ ಒಣಗಿತು. ಆಮೇಲೆ ಒಂದು ಬೆಳಗ್ಗೆ ಅತ್ತೆಯೇ ಬಂದು, ದನದ ಹಾಲು ಕರೆಯುತ್ತಿದ್ದ ನನ್ನ ಹಿಂದೆ ನಿಂತು, "ನೀನೇ ಇಳಿ" ಎಂದರು. ಒಪ್ಪಂದ ಮೊದಲೇ ಮಾಡಿಯಾಗಿತ್ತು. ನಾನು ನೀರಿನಲ್ಲಿರುವಷ್ಟು ಹೊತ್ತು ಗಂಡಸರೆಲ್ಲ ಹೊಳೆಗೆ ಬೆನ್ನು ಹಾಕಿ ದಡದ ಕಡೆ ನೋಡಿಕೊಂಡು ನಿಲ್ಲಬೇಕು. ಅತ್ತೆ ಒಣ ಸೀರೆ ಹಿಡಿದು ನೀರಿನ ಬದಿಯಲ್ಲಿ ನಿಂತು, ಯಾರೂ ತಿರುಗದ ಹಾಗೆ ನೋಡಿಕೊಳ್ಳುವುದು. ನಾನು ಮೈ ಒರೆಸಿ ಮನೆಗೆ ಹೊರಟ ಮೇಲೆ ಅವರು ತಿರುಗುವುದು.

ಹಾಗೆ ನಾಲ್ಕೈದು ವರ್ಷ ನಡೆಯಿತು. ಆ ಗಂಡಸರ ಬಗ್ಗೆ ಒಂದು ಮಾತು ಕೆಟ್ಟದ್ದು ಹೇಳುವ ಹಾಗಿಲ್ಲ, ಒಬ್ಬರೂ ಕುತ್ತಿಗೆ ತಿರುಗಿಸಿದವರಲ್ಲ. ಕೆಳಗಿನ ದಡದಲ್ಲಿ ತೋಟ ಇದ್ದ, ಅಡಿಕೆ ವ್ಯಾಪಾರದ ಬ್ಯಾರಿಯವರಂತೂ ಬೆನ್ನು ಹಾಕಿದ್ದು ಸಾಲದೆಂದು ಬೆನ್ನಿನ ಹಿಂದೆ ಕೊಡೆಯನ್ನೂ ಬಿಡಿಸಿ ಹಿಡಿಯುತ್ತಿದ್ದರು. ನನಗೆ ಮಾತ್ರ ಆ ಎಂಟು ಬೆನ್ನುಗಳನ್ನು ನೋಡಿದರೆ ಮೈ ಹಿಡಿಯಾಗುತ್ತಿತ್ತು. ನನ್ನಿಂದ ಅವರ ತೋಟಕ್ಕೆ ನೀರು, ಆದರೆ ನಾನು ನೋಡಬಾರದ ವಸ್ತು. ಬೇಕಾದಾಗ ಕರೆಯುವುದೂ ನೇರವಾಗಿ ಅಲ್ಲ. ಯಾರಾದರೂ ಬಂದು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿ, "ಕಟ್ಟ ಸ್ವಲ್ಪ ಕುಡೀತದೆ ಅಂತ ಕಾಣ್ತದೆ" ಎಂದು ಗಾಳಿಗೆ ಹೇಳಿ ಹೋಗುತ್ತಿದ್ದರು. ಒಳಗೆ ನಾನು ಸೌದೆ ಮುರಿಯುವುದನ್ನು ನಿಲ್ಲಿಸುತ್ತಿದ್ದೆ. ಮದುವೆ ಮುಂಜಿಗೆ ಹೋದರೆ ಹೆಂಗಸರು ನನಗೆ ಜಾಗ ಬಿಡುತ್ತಿದ್ದರು, ಅದು ಮರ್ಯಾದೆಯೋ ಅಸಹ್ಯವೋ ಇವತ್ತಿಗೂ ಗೊತ್ತಿಲ್ಲ. ಆ ಮನೆಯಲ್ಲಿ, ಆ ಊರಿನಲ್ಲಿ ತಲೆ ಎತ್ತಿ ನಡೆಯುವ ಸೊಸೆ ಆಗಬೇಕು ಎಂಬುದೊಂದೇ ನನ್ನ ಆಸೆ. ನೀರಿಗೆ ಇಳಿದಷ್ಟೂ ಅದು ದೂರ ಹೋಗುತ್ತಿತ್ತು.

ಆದರೂ ಇಳಿದರೆ ಎಲ್ಲ ಮರೆತುಹೋಗುತ್ತಿತ್ತು, ಅದೇ ನನ್ನ ದೊಡ್ಡ ನಾಚಿಕೆ. ಕಟ್ಟದ ಹಿಂದಿನ ನೀರು ಧನು ತಿಂಗಳಲ್ಲಿ ಎಷ್ಟು ತಿಳಿ ಎಂದರೆ ಗೂಟಗಳ ಸಾಲಿನ ನಡುವೆ ಬಿಸಿಲು ಪಟ್ಟೆ ಪಟ್ಟೆಯಾಗಿ ಇಳಿದು ಮರಳಿನ ಮೇಲೆ ಓಡಾಡುತ್ತಿತ್ತು. ಹೊಳೆ ಹರಿಯುವಾಗ ಇಲ್ಲದ ಪೆರುವೊಳುಗಳು ನೀರು ನಿಂತ ಮೇಲೆ ಅಲ್ಲಿ ಮನೆ ಮಾಡುತ್ತಿದ್ದವು. ನಾನು ತೂತು ಮುಚ್ಚಿ, ಉಸಿರು ತೆಗೆದುಕೊಳ್ಳಲು ಮೇಲೆ ಬಂದು, ಇನ್ನೂ ಮುಗಿದಿಲ್ಲ ಎಂಬಂತೆ ಪುನಃ ಮುಳುಗುತ್ತಿದ್ದೆ. ಒಮ್ಮೆ ಒಂದು ನೀರುನಾಯಿ ನನ್ನ ಪಕ್ಕದಲ್ಲೇ ಹಾದು, ಇವಳ್ಯಾರು ಎನ್ನುವ ಹಾಗೆ ತಿರುಗಿ ನೋಡಿ ಹೋಯಿತು. ಮೇಲೆ ಗಂಡಸರು ಕಾಲು ನೋಯಿಸಿಕೊಂಡು ನಿಂತಿರುತ್ತಿದ್ದರು. ಕೆಲಸ ಕಷ್ಟದ್ದು, ಹೊತ್ತು ಹಿಡಿಯುತ್ತದೆ ಎಂದು ಅವರು ತಿಳಿದುಕೊಂಡಿದ್ದರು. ಅತ್ತೆಯೂ ಹಾಗೇ ತಿಳಿದಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೆ.

ಆ ಕೆಂಪು ಸೀರೆಯನ್ನು ಆರಿಸಿದ್ದೇ ಅತ್ತೆ. ಮೊದಲು ನಾನು ಹಳೆಯ ತೆಳು ಸೀರೆ ಉಟ್ಟು ಇಳಿಯುತ್ತಿದ್ದೆ. "ಅದು ಒದ್ದೆಯಾದ್ರೆ ಮೈಗೆ ಅಂಟ್ತದೆ. ಇದು ದಪ್ಪ ಉಂಟು, ಎಷ್ಟು ಒದ್ದೆಯಾದ್ರೂ ಒಳಗಿನದ್ದು ಕಾಣುದಿಲ್ಲ" ಎಂದು ಪೆಟ್ಟಿಗೆಯಿಂದ ತೆಗೆದುಕೊಟ್ಟರು. ದಪ್ಪವೆಂದರೆ ದಪ್ಪ, ನೀರು ಕುಡಿದರೆ ಕಲ್ಲಿನಷ್ಟು ಭಾರ. ಬೆನ್ನು ಹಾಕಿ ನಿಂತ ಗಂಡಸರಿಗೆ ಒಳಗಿನದ್ದು ಹೇಗೆ ಕಾಣುತ್ತದೆ ಎಂದು ನಾನು ಕೇಳಲಿಲ್ಲ. ನಾಚಿಕೆಯ ವಿಷಯದಲ್ಲಿ ಎರಡು ಬೀಗ ಹಾಕಿದರೂ ನಮಗೆ ಸಾಲುತ್ತಿರಲಿಲ್ಲ.

ಆ ವರ್ಷದ ತೂತು ದೊಡ್ಡದು. ಬುಡದ ಕಲ್ಲೇ ಜಾರಿತ್ತು. ಹತ್ತಿರ ಹೋಗುವಾಗಲೇ ಎಳೆತ ಗೊತ್ತಾಯಿತು. ಎರಡು ಉಂಡೆ ತುರುಕಿದೆ, ಎರಡನ್ನೂ ನುಂಗಿತು. ಮೂರನೆಯದನ್ನು ಹಿಡಿದು ಬಗ್ಗುವಾಗ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿಕೊಂಡು ನನ್ನ ಕಣ್ಣೆದುರೇ ತೂತಿನೊಳಗೆ ಹೋಯಿತು. ಹಿಡಿದು ಎಳೆದೆ. ಎಳೆದಷ್ಟೂ ಒಳಗೆ ಹೋಯಿತು, ನಾನೂ ಅದರ ಜೊತೆ ಹೋಗಿ ಗೂಟಕ್ಕೆ ಭುಜ ತಾಗಿತು. ಬಿಚ್ಚಿದರೆ ಆಯಿತು, ಸೀರೆ ಹೋಗುತ್ತದೆ, ನಾನು ಮೇಲೆ ಬರುತ್ತೇನೆ. ಇದಕ್ಕೆ ದೊಡ್ಡ ಬುದ್ಧಿ ಏನೂ ಬೇಕಿಲ್ಲ. ಆದರೆ ಗಂಟಿಗೆ ಕೈ ಹಾಕಿದವಳು ನಿಂತೆ. ಮೇಲೆ ಗಂಡಸರಿದ್ದಾರೆ, ಸೀರೆ ಇಲ್ಲದೆ ಹೇಗೆ ಏಳುವುದು ಎಂದು ಯೋಚಿಸಿದೆ. ಎದೆಯೊಳಗೆ ಉಸಿರು ಮುಗಿದು ಕಣ್ಣಿಗೆ ಕತ್ತಲು ಬರುತ್ತಿರುವಾಗ ನಾನು ಯೋಚಿಸಿದ್ದು ಇದನ್ನು. ಅವರು ಬೆನ್ನು ಹಾಕಿದ್ದಾರೆ ಎಂಬುದೂ ನೆನಪಾಗಲಿಲ್ಲ. ಜೀವ ದೊಡ್ಡದೋ ಸೀರೆ ದೊಡ್ಡದೋ ಎಂದು ನೀರಿನ ಬುಡದಲ್ಲಿ ತೂಗಿ ನೋಡಿದ ಹೆಂಗಸು ನಾನು. ಸೀರೆ ಕಳೆದುಕೊಂಡದ್ದಕ್ಕಿಂತ ಆ ತೂಗಿದ್ದಕ್ಕೆ ನನಗೆ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಕೊನೆಗೆ ಬಿಚ್ಚಿದ್ದು ನಾನಲ್ಲ, ನನ್ನ ಕೈ. ರವಿಕೆ ಮತ್ತು ಒಳಲಂಗದಲ್ಲಿ ಮೇಲೆ ಬಂದು ಬಾಯಿ ತೆರೆದೆ. ಎದುರಿಗೆ ಎಂಟು ಬೆನ್ನು, ಒಂದು ಕೊಡೆ. ಇವರ ಬೆನ್ನೂ ಅಲ್ಲೇ ಇತ್ತು, ಮುಖ ಹಲಸಿನ ಮರದ ಕಡೆ. "ಎಂತ ಮಾರಾಯ್ರೆ, ಕಾಸರಗೋಡಿನ ಬಸ್ಸು ಈಗ ಹೊತ್ತಿಗೆ ಸರಿ ಬರುದೇ ಇಲ್ಲ" ಎಂದು ಒಬ್ಬರು ಹೇಳುತ್ತಿದ್ದರು. ಇನ್ನೊಬ್ಬರು ಹೌದು ಹೌದು ಎನ್ನುತ್ತಿದ್ದರು. ನಾನು ಸಾಯುತ್ತಿರುವಾಗ ಆ ಗಂಡಸರು ಬಸ್ಸಿನ ಮಾತಾಡುತ್ತಿದ್ದರು. ಸಿಟ್ಟು ನೆತ್ತಿಗೇರಿತು, ಬೈಯಲು ಗಾಳಿ ಇರಲಿಲ್ಲ.

ಆಮೇಲೆ ಅತ್ತೆಯನ್ನು ನೋಡಿದೆ. ಅವರು ದಡದಲ್ಲಿರಲಿಲ್ಲ. ಎದೆಯವರೆಗೆ ನೀರಿನಲ್ಲಿ ನಿಂತಿದ್ದರು. ಹೊಳೆಯ ಬದಿಯಲ್ಲಿ ಇಡೀ ಜನ್ಮ ಕಳೆದರೂ ಪಾದ ಒದ್ದೆ ಮಾಡಿದ್ದಕ್ಕಿಂತ ಹೆಚ್ಚು ಇಳಿಯದವರು. ಒಣ ಸೀರೆ ಅವರ ಕೈಯಲ್ಲಿ ಪೂರ್ತಿ ಒದ್ದೆಯಾಗಿತ್ತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಎರಡು ಮಾರು ಹಿಂದೆ ಎಂಟು ಗಂಡಸರಿದ್ದಾರೆ, ಒಂದು ಕೂಗು ಸಾಕಿತ್ತು. ಅವರು ಕೂಗಿರಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಆಮೇಲೆ ಬೇರೆ ಕಡೆ ನೋಡಿದೆವು.

ಒದ್ದೆ ಸೀರೆಯನ್ನೇ ಸುತ್ತಿಕೊಂಡೆ. ಅದು ತೆಳು, ಮೈಗೆ ಅಂಟಿತು. ಅತ್ತೆಗೆ ಆಗ ದನಿ ಬಂತು, "ಕೊಡೆ ಕೊಡಿ" ಎಂದರು. ಬ್ಯಾರಿಯವರು ಏಕೆ ಎಂದು ಕೇಳದೆ, ತಿರುಗದೆ, ಕೊಡೆಯನ್ನು ಹಿಂದಕ್ಕೆ ಚಾಚಿದರು. ಅದರ ಮರೆಯಲ್ಲಿ ಗದ್ದೆಯ ಬದುವಿನ ಮೇಲೆ ಮನೆಗೆ ನಡೆದೆವು, ಮುಂದೆ ನಾನು, ಹಿಂದೆ ಅತ್ತೆ.

ತೂತು ಮುಚ್ಚಿತ್ತು. ಸೀರೆ ಅದರೊಳಗೆ ಬಿಗಿಯಾಗಿ ಕೂತು, ಯಾವ ಮಣ್ಣಿನ ಉಂಡೆಯೂ ಮಾಡದಷ್ಟು ಚೆನ್ನಾಗಿ ನೀರು ನಿಲ್ಲಿಸಿತ್ತು. ಆದರೆ ಆಚೆ ಬದಿಯಲ್ಲಿ ಸೆರಗು ಹೊರಗೆ ಬಂದು ನೇತಾಡತೊಡಗಿತು. ಎಳೆದು ತೆಗೆದರೆ ಕಟ್ಟವೇ ಹೋದೀತು, ಆದ್ದರಿಂದ ತೆಗೆಯುವ ಹಾಗಿಲ್ಲ. ಇವರು ಒಂದು ಮಧ್ಯಾಹ್ನ ಕತ್ತಿ ತೆಗೆದುಕೊಂಡು ಹೋಗಿ ಹೊರಗಿದ್ದಷ್ಟನ್ನು ಕೊಯ್ದು ತಂದರು. ವಾರ ಕಳೆಯುವುದರೊಳಗೆ ನೀರಿನ ಒತ್ತಡಕ್ಕೆ ಇನ್ನೊಂದು ಮೊಳ ಹೊರಬಂತು. ಮತ್ತೆ ಕೊಯ್ಯಲು ಹೊರಟಾಗ ಎದುರು ಸಿಕ್ಕ ಯಾರೋ, "ಬೇಡ ಮಾರಾಯ, ಪೂರಾ ಬಂದ್ರೆ ನಮ್ಮ ತೋಟ ಎಂತ ಆಗುದು?" ಎಂದರಂತೆ. ಇವರು ಕತ್ತಿ ಹಿಡಿದುಕೊಂಡು ವಾಪಸು ಬಂದರು. ಅವತ್ತು ಊಟ ಮಾಡಲಿಲ್ಲ. ರಾತ್ರಿಯೂ ನನ್ನ ಕಡೆ ಬೆನ್ನು ಹಾಕಿ ಮಲಗಿದವರು, "ನಾನಾದ್ರೂ ತಿರುಗಿ ನೋಡ್ಬೇಕಿತ್ತು" ಎಂದರು. ತಿರುಗಿದ್ದರೂ ಈಜು ಬಾರದವರು ಏನು ಮಾಡುತ್ತಿದ್ದರು ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ನಾನು ಹೊಳೆಗೆ ಹೋಗುವುದನ್ನೇ ಬಿಟ್ಟೆ. ಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಒಗೆದೆ. ತವರಿಗೆ ಹೋಗಬೇಕೆಂದರೆ ಅದೇ ಕಲ್ಲುಗಳನ್ನು ದಾಟಿ ಹೋಗಬೇಕು, ಹೋಗಲಿಲ್ಲ. ಶಿವರಾತ್ರಿ ಕಳೆದು ನೀರು ಹಸಿರಾಗಿರಬೇಕು, ಪೆರುವೊಳುಗಳು ಆಳಕ್ಕೆ ಸರಿದಿರಬೇಕು ಎಂದು ಅಡುಗೆಮನೆಯಲ್ಲಿ ಕೂತು ಅಂದಾಜು ಮಾಡುತ್ತಿದ್ದೆ. ಜನರು ಆ ಜಾಗವನ್ನು 'ಸೀರೆ ಕಟ್ಟ' ಎಂದು ಕರೆಯಲು ಶುರು ಮಾಡಿದ್ದರು. ತಮಾಷೆಗೆ ಕೂಡ ಅಲ್ಲ, ಗುರುತಿಗೆ. 'ಸೀರೆ ಕಟ್ಟದಲ್ಲಿ ದಾಟಿ ಬನ್ನಿ' ಎಂದು ದಾರಿ ಹೇಳುತ್ತಿದ್ದರು. ಅದು ಇನ್ನೂ ಕೆಟ್ಟದ್ದು.

ಅತ್ತೆ ಆ ದಿನದ ಬಗ್ಗೆ ಒಂದು ಸಲವೂ ಬಾಯಿ ಬಿಡಲಿಲ್ಲ. ಒಂದೇ ವ್ಯತ್ಯಾಸವೆಂದರೆ, ನಾನು ಬಾವಿಗೆ ಹೋದರೂ ಅವರು ಹಿಂದೆಯೇ ಬಂದು ನಿಲ್ಲುತ್ತಿದ್ದರು. ನನಗೆ ಅದೂ ಕಾವಲು ಎಂದೇ ಕಾಣಿಸುತ್ತಿತ್ತು.

ಮೇ ಕೊನೆಗೆ ಮೊದಲ ದೊಡ್ಡ ಮಳೆ ಬಂತು. ಮೊಟ್ಟೆಯಿಡಲು ಮೀನುಗಳು ಹೊಸ ನೀರಿಗೆ ಎದುರಾಗಿ ಹತ್ತುವ ದಿನ ಅದು. ನಮ್ಮಲ್ಲಿ ಉಬೆರ್ ಎನ್ನುತ್ತಾರೆ. ಊರಿಗೆ ಊರೇ ಬುಟ್ಟಿ, ಬಲೆ ಹಿಡಿದು ಹೊಳೆಯಲ್ಲಿತ್ತು. ಕಟ್ಟ ಒಡೆಯಿತು ಎಂಬ ಕೂಗು ಮನೆಯವರೆಗೆ ಕೇಳಿಸಿತು. ಇವತ್ತು ಸೀರೆ ಎಲ್ಲರ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ನಾನು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿ ಕೂತೆ. ಅತ್ತೆ ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಂಡು ಒಬ್ಬರೇ ಹೋದರು. ಸಂಜೆ ಬರುವಾಗ ಅವರ ಕಂಕುಳಲ್ಲಿ ಕೆಸರು ಮೆತ್ತಿದ ಒಂದು ಗಂಟಿತ್ತು. ಅಷ್ಟು ಜನರ ನಡುವೆ ಅದನ್ನು ಎತ್ತಿಕೊಂಡು ಬಂದಿದ್ದರು. ಒಗೆದು ಒಣಗಿಸಿ ಎಲ್ಲಿಟ್ಟರೋ ನಾನು ಕೇಳಲಿಲ್ಲ.

ಮರುವರ್ಷ ಕಟ್ಟ ಕಟ್ಟಿದರು. ಸಂಕ್ರಾಂತಿಯ ಹೊತ್ತಿಗೆ ಒಬ್ಬರು ಬಂದು ಜಗಲಿಯಲ್ಲಿ ಕೂತು ಎಲೆ ಹಾಕಿದರು. ಒಳಗೆ ನಾನು ನಿರ್ಧಾರ ಮಾಡಿ ಆಗಿತ್ತು, ಇನ್ನು ಇಳಿಯುವವಳಲ್ಲ. ತೋಟ ಒಣಗಿದರೆ ಒಣಗಲಿ. ಆದರೆ ಬಂದವರು ಗಾಳಿಗೆ ಮಾತಾಡುವ ಮೊದಲೇ ಅತ್ತೆ ಹೇಳಿದರು. "ಗೊತ್ತುಂಟು. ನಾಳೆ ಎಲ್ಲರೂ ಬನ್ನಿ."

ಮರುದಿನ ನನ್ನೆದುರು ಒಂದು ಗಂಟು ಬಿಚ್ಚಿದರು. ಇವರ ಖಾಕಿ ಚಡ್ಡಿ, ಸೊಂಟಕ್ಕೆ ಹೊಂದುವ ಹಾಗೆ ಒತ್ತಿ ಹೊಲಿದದ್ದು. ಇವರದ್ದೇ ಹಳೆಯ ಅಂಗಿ, ತೋಳು ಬಿಗಿ ಮಾಡಿದ್ದು. ಕೆಂಪು ಸೀರೆಯನ್ನು ಉದ್ದಕ್ಕೆ ಸೀಳಿ ಜಡೆಯ ಹಾಗೆ ಹೆಣೆದ ಒಂದು ಹಗ್ಗ.

"ಇದನ್ನು ಹಾಕಿಕೊಂಡು ಗಂಡಸರ ಎದುರು ಹೋಗುದಾ?"

"ಹೌದು."

"ನನ್ನಿಂದ ಆಗುದಿಲ್ಲ ಅತ್ತೆ. ನನಗೆ ನಾಚಿಕೆ ಆಗ್ತದೆ."

"ನನಗೂ ಆಗ್ತದೆ. ಕಳೆದ ವರ್ಷ ಅದೇ ನಾಚಿಕೆಯಲ್ಲಿ ನನ್ನ ಬಾಯಿಗೆ ದನಿ ಬರಲಿಲ್ಲ. ನೀನು ಅಲ್ಲೇ ಉಳಿದಿದ್ರೆ?" ಎಂದರು. ಹಗ್ಗದ ಹೆಣಿಗೆಯನ್ನು ಎರಡು ಕೈಯಲ್ಲಿ ಎಳೆದು ನೋಡಿದರು. ಅಷ್ಟು ದಿನ ಬಾವಿಕಟ್ಟೆಯಲ್ಲಿ ನನ್ನ ಹಿಂದೆ ನಿಂತದ್ದು ಏಕೆಂದು ಆಗ ತಿಳಿಯಿತು.

ಚಡ್ಡಿಯ ಮೇಲೆ ಕಂಬಳಿ ಹೊದ್ದುಕೊಂಡು ಹೋದೆ. ಗಂಡಸರು ವಾಡಿಕೆಯಂತೆ ಆಗಲೇ ಬೆನ್ನು ಹಾಕಿ ನಿಂತಿದ್ದರು, ಕೊಡೆಯೂ ಬಿಡಿಸಿತ್ತು. ಅತ್ತೆ ದಡದಲ್ಲಿ ನಿಂತು, "ಈ ಕಡೆ ತಿರುಗಿ" ಎಂದರು. ಯಾರೂ ಅಲ್ಲಾಡಲಿಲ್ಲ. ಕೇಳಿದ್ದು ಸರಿಯೋ ಎಂದು ಅವರಿಗೇ ಅನುಮಾನ.

"ತಿರುಗಿ ಅಂತ ಹೇಳಿದ್ದು. ಕಳೆದ ವರ್ಷ ನೀವೆಲ್ಲ ಬಸ್ಸಿನ ಸುದ್ದಿ ಮಾತಾಡುವಾಗ ಇವಳು ಒಳಗೆ ಸಿಕ್ಕಿಬಿದ್ದಿದ್ದಳು. ನಾನು ನೋಡಿಕೊಂಡು ನಿಂತಿದ್ದೆ, ಕರೀಲಿಲ್ಲ. ಇನ್ನು ಹಾಗೆ ಆಗ್ಲಿಕ್ಕಿಲ್ಲ. ಇವಳು ಮೇಲೆ ಬರುವವರೆಗೆ ಒಬ್ಬರೂ ನೀರಿಂದ ಕಣ್ಣು ತೆಗೀಬಾರದು."

ಒಬ್ಬೊಬ್ಬರಾಗಿ ತಿರುಗಿದರು. ಬ್ಯಾರಿಯವರು ಕೊಡೆ ಮಡಚಿದರು. ಒಬ್ಬರ ಮುಖದಲ್ಲೂ ರಕ್ತವಿರಲಿಲ್ಲ, ಎಲ್ಲರ ಕಣ್ಣೂ ನೆಲದ ಮೇಲೆ. ಅಷ್ಟು ವರ್ಷ ನಾನೊಬ್ಬಳೇ ಹೊತ್ತಿದ್ದ ನಾಚಿಕೆ ಆವತ್ತು ದಡದ ತುಂಬ ಇತ್ತು. ಇವರು ಬಂದು ಹಗ್ಗದ ಒಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ತಮ್ಮ ಕೈಗೆ ಸುತ್ತಿಕೊಂಡು, ನನ್ನ ಜೊತೆ ನೀರಿಗೆ ಇಳಿದರು. ಮೊಣಕಾಲು ದಾಟಿತು. ಸೊಂಟದವರೆಗೆ ಬಂದು ನಿಂತರು. ಕಂಬಳಿ ತೆಗೆದು ಅತ್ತೆಯ ಕೈಗೆ ಕೊಟ್ಟೆ. ಆ ಕ್ಷಣ ಸತ್ತರೆ ಸಾಕು ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಮುಳುಗಿದೆ.

ತೂತು ಸಣ್ಣದು, ಮೊದಲ ಉಂಡೆಗೇ ಮುಚ್ಚಿತು. ತಲೆ ತಿರುಗಿಸಿದರೆ ಗೂಟಗಳ ಆಚೆ ಪೆರುವೊಳುಗಳು ನಿಂತಿದ್ದವು, ಹಿಂದಿನ ವರ್ಷಕ್ಕಿಂತ ಹೆಚ್ಚು. ಮೇಲೆ ಅಷ್ಟು ಕಣ್ಣುಗಳು ಕಾಯುತ್ತಿದ್ದವು. ಸುಮ್ಮನೆ ಮೀನು ನೋಡುತ್ತಾ ಕೂರಲು ಧೈರ್ಯ ಬರಲಿಲ್ಲ. ಕೂಡಲೇ ಮೇಲೆ ಬಂದೆ.

ಮುಖದ ನೀರು ಒರೆಸಿಕೊಂಡಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಯಾರನ್ನೂ ನೋಡದೆ, "ಆಯ್ತು" ಎಂದೆ.

ಅತ್ತೆ ಹುಬ್ಬು ಗಂಟು ಹಾಕಿದರು. "ಎಂತ, ಇಷ್ಟು ಬೇಗ? ಮೀನು ಇಲ್ವಾ?"

ಇಷ್ಟು ವರ್ಷ ಅವರಿಗೆ ಗೊತ್ತಿತ್ತು. ಹಿಂದಿನ ವರ್ಷವೂ ನಾನು ಮೇಲೆ ಬಾರದಿದ್ದಾಗ, ಮೀನು ನೋಡುತ್ತಿರಬೇಕು ಎಂದು ಮೊದಲು ಸುಮ್ಮನಿದ್ದರು. ಆಮೇಲೆ ಕರೆಯಲು ದನಿ ಬರಲಿಲ್ಲ. ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯಾಯಿತು.

"ಉಂಟು" ಎಂದೆ, ಸಣ್ಣ ದನಿಯಲ್ಲಿ.

"ಮತ್ತೆ? ಹೋಗು, ನೋಡಿಕೊಂಡು ಬಾ" ಎಂದು ಕಂಬಳಿಯನ್ನು ಭುಜದ ಮೇಲೆ ಹಾಕಿಕೊಂಡು ಕಲ್ಲಿನ ಮೇಲೆ ಕೂತರು. "ನಾವು ಇಲ್ಲೇ ಇದ್ದೇವೆ."

ಎಂಟು ಮನೆಯ ಗಂಡಸರು ನೀರಿನ ಕಡೆ ಮುಖ ಮಾಡಿ ನಿಂತೇ ಇದ್ದರು. ಇವರು ಕೈಯಲ್ಲಿದ್ದ ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟರು. ನಾನು ಉಸಿರು ತೆಗೆದುಕೊಂಡು ಪುನಃ ಮುಳುಗಿದೆ.